ಅಂಜಿಕೆ, ಆಮಿಷ ಮತ್ತು ಕಾಯಕ

ಮನುಷ್ಯನು ಕೆಲಸವನ್ನು ಏತಕ್ಕಾಗಿ ಮಾಡುತ್ತಾನೆಂಬ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಈಗ ಎರಡೇ ಉತ್ತರಗಳು ಉಳಿದಂತೆ ಕಾಣುತ್ತವೆ. ಒಂದು ಅಂಜಿಕೆ, ಇನ್ನೊಂದು ಆಮಿಷ. ಮಗನು ಓದದಿದ್ದರೆ ಅವನ ಕೈಯ ಮೊಬೈಲನ್ನು ಕಸಿದುಕೊಳ್ಳಿರಿ. ಓದಿದರೆ ಹೊಸದೊಂದನ್ನು ಕೊಡಿಸಿರಿ. ಶಿಕ್ಷಕನು ಶಾಲೆಯ ಫಲಿತಾಂಶವನ್ನು ಏರಿಸದಿದ್ದರೆ ನೋಟೀಸು ಕಳುಹಿಸಿರಿ. ಏರಿಸಿದರೆ ಶಾಲು ಹೊದಿಸಿರಿ. ಆಳು ತಡವಾಗಿ ಬಂದರೆ ಕೂಲಿಯನ್ನು ಮುರಿಯಿರಿ. ಪಾಲಕರ ಸಭೆಯಲ್ಲಿ, ಕಚೇರಿಯ ಪಡಸಾಲೆಯಲ್ಲಿ, ಊಟಕ್ಕೆ ಕುಳಿತ ಪಂಕ್ತಿಯಲ್ಲಿ, ಎಲ್ಲಿಯೂ ಇದೇ ಮತವು ಕೇಳಿಬರುತ್ತಿದೆ. ಇದನ್ನು ಹೇಳುವವರು ದುಷ್ಟರಲ್ಲ. ತಮ್ಮ ಮಕ್ಕಳ ಹಾಗೂ ಕೈಕೆಳಗಿನವರ ಹಿತವನ್ನೇ ಬಯಸುವ ಗೃಹಸ್ಥರು. ಆದಕಾರಣವೇ ಈ ಮತವನ್ನು ಸುಮ್ಮನೆ ಬಿಡಲಾಗದು. ಸಜ್ಜನರ ಬಾಯಿಂದ ಹೊರಡುವ ತಪ್ಪು ಸಿದ್ಧಾಂತವು ದುರ್ಜನರ ದುಷ್ಕೃತ್ಯಕ್ಕಿಂತ ಹೆಚ್ಚು ಮನೆಗಳನ್ನು ಹೊಗುತ್ತದೆ.

ನೀತಿಶಾಸ್ತ್ರವನ್ನು ಓದಿದವರಿಗೆ ಸಾಮ, ದಾನ, ಭೇದ, ದಂಡಗಳೆಂಬ ಚತುರುಪಾಯಗಳು ಪರಿಚಿತವೇ ಆಗಿವೆ. ಅವುಗಳಲ್ಲಿ ಸಾಮಕ್ಕೆ, ಅಂದರೆ ಒಳ್ಳೆಯ ಮಾತಿಗೂ ಸೌಹಾರ್ದಕ್ಕೂ, ಅಗ್ರಸ್ಥಾನವುಂಟು, ದಂಡವು ಕಟ್ಟಕಡೆಯದು. ನಾವೋ ಮೊದಲನೆಯದನ್ನೇ ಬಿಟ್ಟು ಉಳಿದ ಮೂರನ್ನು ಹಿಡಿದುಕೊಂಡಿದ್ದೇವೆ. ಬಹುಮಾನವು ದಾನ, ಬೈಗುಳವು ದಂಡ. ತರಗತಿಯಲ್ಲಿ ಮೊದಲನೆಯವನು, ಕೊನೆಯವನು ಎಂದು ಮಕ್ಕಳನ್ನು ಸಾಲುಗಟ್ಟಿಸಿ, ಒಬ್ಬನ ಸೋಲಿನಲ್ಲಿ ಮತ್ತೊಬ್ಬನ ಗೆಲುವನ್ನು ತೋರಿಸುವುದು ಭೇದವಲ್ಲದೆ ಮತ್ತೇನು? ಇಲ್ಲಿ ಲಕ್ಷಿಸತಕ್ಕ ಸಂಗತಿ ಇನ್ನೊಂದಿದೆ. ಶಾಸ್ತ್ರಕಾರರು ಈ ಉಪಾಯಗಳನ್ನು ಮುಖ್ಯವಾಗಿ ಹೇಳಿದ್ದು ರಾಜನಿಗೆ, ಪ್ರತಿಪಕ್ಷದವರನ್ನು ವಶಪಡಿಸಿಕೊಳ್ಳುವ ಸಲುವಾಗಿ. ಹೊಟ್ಟೆಯ ಮಕ್ಕಳೂ ಹೊಲದ ಆಳುಗಳೂ ನಮಗೆ ಪ್ರತಿಪಕ್ಷದವರಾದದ್ದು ಯಾವಾಗ?

ಇರಲಿ. ಎದುರಾಳಿಯ ವಾದವನ್ನು ಪೂರ್ತಿಯಾಗಿ ಹೇಳದೆ ಖಂಡಿಸುವುದು ಪಾಠಶಾಲೆಯಲ್ಲಿ ಕಲಿತವನಿಗೆ ಶೋಭಿಸದು. ಪೂರ್ವಪಕ್ಷವು ಹೀಗಿದೆ: ಮನುಷ್ಯನು ಸ್ವಭಾವತಃ ಸೋಮಾರಿಯಾಗಿರುವನು, ಬಹುಮಾನವನ್ನು ಇಟ್ಟಲ್ಲಿ ಕೆಲಸವು ಹೆಚ್ಚುವುದನ್ನು ನಾವು ಕಣ್ಣಾರೆ ಕಾಣುತ್ತೇವೆ, ಹಿಂದಿನ ಮಾಸ್ತರರು ಬೆತ್ತ ಹಿಡಿದು ಕಲಿಸಿದ್ದರಿಂದಲೇ ದೊಡ್ಡ ದೊಡ್ಡ ಮನುಷ್ಯರು ಹುಟ್ಟಿಬಂದರು. ಈ ಮೂರು ಮಾತುಗಳನ್ನು ಒಂದೊಂದಾಗಿ ನೋಡೋಣ.

ಮನುಷ್ಯನು ಸ್ವಭಾವತಃ ಸೋಮಾರಿಯೆಂಬುದು ಮೊದಲನೆಯದು. ಕಾರ ಹುಣ್ಣಿಮೆಯ ಬೆನ್ನಿಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯ ದಿವಸ ನಮ್ಮ ಮುನವಳ್ಳಿಯ ಯಾವ ಓಣಿಯಲ್ಲಾದರೂ ನಿಂತು ನೋಡಿರಿ. ಐದಾರು ವರ್ಷದ ಹುಡುಗರು ಎರೆಮಣ್ಣನ್ನು ನಾದಿ ಎತ್ತುಗಳನ್ನು ಮಾಡುತ್ತಾರೆ. ಕೋಡು ಸೊಟ್ಟಗಾಯಿತೆಂದು ಕೆಡಿಸಿ ಮತ್ತೆ ಮಾಡುತ್ತಾರೆ. ಇಣಿ ಸಾಲದೆಂದು ಇನ್ನಷ್ಟು ಮಣ್ಣನ್ನು ಮೆತ್ತುತ್ತಾರೆ. ಅವರಿಗೆ ಪಗಾರ ಕೊಟ್ಟವರಾರು? ಕೋಡನ್ನು ತಿದ್ದದಿದ್ದರೆ ಹೊಡೆಯುವೆನೆಂದು ಹೆದರಿಸಿದವರಾರು? ದೊಡ್ಡವರನ್ನೇ ನೋಡಿರಿ. ಈ ಪ್ರಾಂತದ ಹಳ್ಳಿಗಳಲ್ಲಿ ಹಗಲೆಲ್ಲ ಗಳೆ ಹೊಡೆದ ಒಕ್ಕಲಿಗನು ರಾತ್ರಿ ಬಯಲಾಟದ ತಾಲೀಮಿಗೆ ಹೋಗಿ ಕುಣಿಯುತ್ತಿದ್ದನು. ಶ್ರೀಕೃಷ್ಣ ಪಾರಿಜಾತದ ಹಾಡುಗಳನ್ನು ಬಾಯಿಪಾಠ ಮಾಡುತ್ತಿದ್ದನು. ಅವನಿಗೆ ಅದರಿಂದ ಕಾಸೂ ಹುಟ್ಟುತ್ತಿರಲಿಲ್ಲ. ಕಲಿಸುವ ಮಾಸ್ತರನಿಗೆ ಅವನೇ ಕೈಯಿಂದ ಕೊಡಬೇಕಾಗುತ್ತಿತ್ತು. ಸ್ವಭಾವವು ಸೋಮಾರಿತನವೇ ಆಗಿದ್ದರೆ ಇವೆಲ್ಲ ಎಲ್ಲಿಂದ ಬಂದವು? ಆದ್ದರಿಂದ, ಮನುಷ್ಯನಲ್ಲಿ ಕೆಲಸದ ಆಸೆಯನ್ನು ಹೊರಗಿನಿಂದ ಹೇಗೆ ತುಂಬಬೇಕೆಂಬುದು ನಮ್ಮ ಪ್ರಶ್ನೆಯಲ್ಲ. ಐದನೆಯ ವಯಸ್ಸಿನಲ್ಲಿ ತುಂಬಿ ತುಳುಕುತ್ತಿದ್ದ ಆಸೆಯು ಹದಿನೈದನೆಯ ವಯಸ್ಸಿಗೆ ಬತ್ತಿಹೋದದ್ದು ಹೇಗೆ, ಬತ್ತಿಸಿದವರಾರು ಎಂಬುದೇ ಪ್ರಶ್ನೆ.

ಇನ್ನು ಬಹುಮಾನದ ಮಾತು. ಬಹುಮಾನವನ್ನು ಇಟ್ಟಲ್ಲಿ ಕೆಲಸವು ಹೆಚ್ಚುವುದು ಸುಳ್ಳಲ್ಲ. ಆದರೆ ಬಹುಮಾನವನ್ನು ತೆಗೆದ ಮರುದಿವಸ ಏನಾಗುತ್ತದೆಂಬುದನ್ನು ಈ ಮತದವರು ನೋಡಹೋಗುವುದಿಲ್ಲ. ಮಾನಸಶಾಸ್ತ್ರಜ್ಞರು ಅದನ್ನು ನೋಡಿದ್ದಾರೆ. ಎಡ್ವರ್ಡ್ ಡೆಸಿ ಎಂಬ ಅಮೇರಿಕದ ಪಂಡಿತನು 1971ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದನು. ವಿದ್ಯಾರ್ಥಿಗಳಿಗೆ ಮರದ ತುಂಡುಗಳನ್ನು ಕೂಡಿಸಿ ಆಕೃತಿಗಳನ್ನು ರಚಿಸುವ ಒಗಟಿನಾಟವನ್ನು ಕೊಡಲಾಯಿತು. ಕೆಲವರಿಗೆ ನಡುವೆ ಒಂದು ಸಲ, ಬಿಡಿಸಿದ ಒಂದೊಂದು ಒಗಟಿಗೆ ಒಂದೊಂದು ಡಾಲರನ್ನು ಕೊಟ್ಟು, ಮುಂದಿನ ಸಲ ಕೊಡುವುದನ್ನು ನಿಲ್ಲಿಸಿದರು. ಬಿಡುವಿನ ವೇಳೆಯಲ್ಲಿ ಯಾರೂ ಹೇಳದೆಯೇ ಆ ಒಗಟಿನತ್ತ ಕೈಚಾಚುವುದು ಅವರಲ್ಲಿ ಕಡಮೆಯಾಯಿತು. ದುಡ್ಡಿನ ಬದಲು ಮೆಚ್ಚುಗೆಯ ಮಾತನ್ನು ಕೇಳಿದವರಲ್ಲಿ ಹಾಗಾಗಲಿಲ್ಲ. ಎರಡು ವರ್ಷಗಳ ತರುವಾಯ, 1973ರಲ್ಲಿ, ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಬಾಲವಾಡಿಯ ಮಕ್ಕಳಲ್ಲಿ ಇದನ್ನೇ ಪರೀಕ್ಷಿಸಿದರು. ಬಣ್ಣದ ಲೇಖನಿಯಿಂದ ಚಿತ್ರ ಬರೆಯುವ ಮಕ್ಕಳಲ್ಲಿ ಕೆಲವರಿಗೆ ‘ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆಯೇ ಕೊನೆಗೆ ಕೊಟ್ಟರು. ಕೆಲವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರಗಳ ಮೇಲೆ ನೋಡಲಾಗಿ, ಪ್ರಶಸ್ತಿಯ ಒಪ್ಪಂದದ ಮೇಲೆ ಬರೆದಿದ್ದ ಮಕ್ಕಳು ಚಿತ್ರಕ್ಕೆ ಕೊಡುವ ಹೊತ್ತು ಉಳಿದವರದರ ಸುಮಾರು ಅರ್ಧಕ್ಕಿಳಿದಿತ್ತು. ಆಟವಾಗಿದ್ದದ್ದು ವ್ಯಾಪಾರವಾದ ಕೂಡಲೆ, ಗಿರಾಕಿಯಿಲ್ಲದ ಹೊತ್ತಿಗೆ ಅಂಗಡಿಯ ಬಾಗಿಲು ಮುಚ್ಚಿಕೊಂಡಿತು.

ನಾನು ಸೇವೆ ಮಾಡಿದ ಶಾಲೆಗಳಲ್ಲೊಂದರಲ್ಲಿ ಉದಾರಿಗಳಾದ ಗೃಹಸ್ಥರೊಬ್ಬರು ಗ್ರಂಥಾಲಯದ ಪುಸ್ತಕವೊಂದನ್ನು ಓದಿ ಮುಗಿಸಿದ ಪ್ರತಿ ಹುಡುಗನಿಗೆ ಐದು ರೂಪಾಯಿಯಂತೆ ಬಹುಮಾನವಿಟ್ಟರು. ಉದ್ದೇಶವು ಪರಿಶುದ್ಧವಾದುದೇ. ತಿಂಗಳೊಳಗಾಗಿ ಗ್ರಂಥಾಲಯದ ತೆಳ್ಳಗಿನ ಪುಸ್ತಕಗಳೆಲ್ಲ ಕೈಯಿಂದ ಕೈಗೆ ಓಡಾಡಿ ಹರಿದುಹೋದವು. ಅದಕ್ಕೂ ಮೊದಲು ಯಾರೂ ಹೇಳದೆಯೇ ದಪ್ಪ ಪುಸ್ತಕವೊಂದನ್ನು ಹಿಡಿದು ಮೂಲೆಯಲ್ಲಿ ಕುಳಿತಿರುತ್ತಿದ್ದ ಹುಡುಗನು ಅದನ್ನು ಕಪಾಟಿಗೆ ಹಿಂದಿರುಗಿಸಿದನು; ಅದು ಲಾಭದ ಬಾಬತ್ತಲ್ಲವೆಂದು ಅವನಿಗೆ ಲೆಕ್ಕ ತಿಳಿದಿತ್ತು. ಬಹುಮಾನದ ಹಣವು ಮುಗಿದ ಮೇಲೆ ತೆಳ್ಳಗಿನ ಪುಸ್ತಕವನ್ನೂ ಕೇಳುವವರಿಲ್ಲವಾದರು.

ಇಲ್ಲಿ ನ್ಯಾಯಕ್ಕಾಗಿ ಒಂದು ಮಾತನ್ನು ಹೇಳಬೇಕು. ಬಹುಮಾನವು ಯಾವಾಗಲೂ ಕೆಡಿಸುತ್ತದೆಂದು ಶಾಸ್ತ್ರವು ಹೇಳುವುದಿಲ್ಲ. ಡೆಸಿ ಮತ್ತು ಅವನ ಸಹೋದ್ಯೋಗಿಗಳು 1999ರಲ್ಲಿ ಇಂಥ 128 ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದರು. ಮೊದಲೇ ಒಪ್ಪಂದ ಮಾಡಿಕೊಂಡು ಕೊಡುವ ವಸ್ತುರೂಪದ ಬಹುಮಾನವು ಆಸಕ್ತಿಯಿದ್ದ ಕೆಲಸದಲ್ಲಿ ಆಸಕ್ತಿಯನ್ನು ತಗ್ಗಿಸುತ್ತದೆ. ಮನಃಪೂರ್ವಕವಾದ ಮೆಚ್ಚುಗೆಯು ಹಾಗೆ ಮಾಡುವುದಿಲ್ಲ. ಮೊದಲಿನಿಂದಲೂ ಬೇಸರದ್ದಾದ ಕೆಲಸದಲ್ಲಿ ಬಹುಮಾನದಿಂದ ಅಂಥ ಹಾನಿ ಕಾಣುವುದಿಲ್ಲ. ಮೂಟೆ ಹೊರುವವನಿಗೆ ಮೂಟೆಗಿಷ್ಟೆಂದು ಕೊಡುವುದು ಸರಿಯಾದ ವ್ಯವಹಾರವೇ. ಆದರೆ ವಿದ್ಯೆಯು ಮೂಟೆಯಲ್ಲ. ಅದನ್ನು ಹಾಗೆ ಅಳೆಯಹೊರಟದ್ದೇ ಅನರ್ಥಕ್ಕೆ ಮೂಲವಾಯಿತು.

ಆ ಅನರ್ಥವು ಇಂದಿನದಲ್ಲ. ಇಂಗ್ಲಂಡದಲ್ಲಿ 1862ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿಯು ಶಾಲೆಗಳಿಗೆ ಕೊಡುವ ಸರಕಾರದ ಹಣವನ್ನು ಮಕ್ಕಳ ಓದು, ಬರಹ, ಲೆಕ್ಕಗಳ ಪರೀಕ್ಷೆಗೆ ಕಟ್ಟಿಹಾಕಿದನು. ಮಗುವು ಒಂದು ವಿಷಯದಲ್ಲಿ ಬಿದ್ದರೆ ಶಾಲೆಗೆ ಅಷ್ಟು ಹಣ ಕಡಿತ. ಇದಕ್ಕೆ ‘ಫಲಾನುಸಾರಿ ಅನುದಾನ’ವೆಂದು ಹೆಸರಿಡಬಹುದು. ಸಮುದ್ರ ದಾಟಿ ಈ ಪದ್ಧತಿಯು ನಾವು ಆಗ ಸೇರಿದ್ದ ಮುಂಬಯಿ ಇಲಾಖೆಗೂ ಬಂದಿತು. ಪರಿಣಾಮವೇನು? ಮಾಸ್ತರರು ಪರೀಕ್ಷೆಗಿದ್ದದ್ದನ್ನೇ ಕಲಿಸಿದರು, ಉಳಿದದ್ದನ್ನು ಕೈಬಿಟ್ಟರು. ಮಕ್ಕಳು ಪಾಠಪುಸ್ತಕವನ್ನು ತಿಳಿಯದೆಯೇ ಗಿಳಿಪಾಠ ಮಾಡಿದರು. ಕವಿಯೂ ಶಾಲಾ ತಪಾಸಣಾಧಿಕಾರಿಯೂ ಆಗಿದ್ದ ಮ್ಯಾಥ್ಯೂ ಆರ್ನಲ್ಡನು ತನ್ನ ಸರಕಾರದ ಈ ಪದ್ಧತಿಯನ್ನು ಬಹಿರಂಗವಾಗಿ ವಿರೋಧಿಸಿದನು. 1890ರ ದಶಕದಲ್ಲಿ ಇಂಗ್ಲಂಡವೇ ಅದನ್ನು ಬಿಟ್ಟುಕೊಟ್ಟಿತು. ಭಾರತದಲ್ಲಿ ಲಾರ್ಡ್ ಕರ್ಜನನ ಕಾಲದ 1904ರ ಶಿಕ್ಷಣ ಠರಾವು ಅದನ್ನು ತಿರಸ್ಕರಿಸಿತು. ನೂರು ವರ್ಷಗಳ ಹಿಂದೆಯೇ ಪರದೇಶದ ಸರಕಾರವು ಅನುಭವದಿಂದ ಕಲಿತು ಬಿಸುಟ ಹಳೆಯ ಅಂಗಿಯನ್ನು ನಾವೀಗ ಹೊಸತೆಂದು ತೊಟ್ಟು ಮೆರೆಯುತ್ತಿದ್ದೇವೆ. ಶಾಲೆಯ ಯೋಗ್ಯತೆಯೆಂದರೆ ಎಸ್.ಎಸ್.ಎಲ್.ಸಿ. ಫಲಿತಾಂಶದ ಶೇಕಡಾವಾರು, ಜಿಲ್ಲೆಯ ಯೋಗ್ಯತೆಯೆಂದರೆ ರಾಜ್ಯದ ಪಟ್ಟಿಯಲ್ಲಿ ಅದರ ಸ್ಥಾನ.

ಅಂಕಿಗಾಗಿ ದುಡಿದಲ್ಲಿ ಅಂಕಿಯೇ ಬೆಳೆಯುತ್ತದೆ, ವಿದ್ಯೆಯಲ್ಲ. 2023ರಲ್ಲಿ ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಶೇ. 83.89ರಷ್ಟು ವಿದ್ಯಾರ್ಥಿಗಳು ಉತ್ತೀರ್ಣರಾದರು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾಗಳನ್ನಿಟ್ಟು ವೆಬ್‌ಕಾಸ್ಟಿಂಗ್ ನಡೆಯಿಸಿದರು. ಉತ್ತೀರ್ಣರ ಪ್ರಮಾಣವು ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. 20ರವರೆಗೆ ಏರಿಸಿದ ತರುವಾಯ. ಒಂದೇ ವರ್ಷದಲ್ಲಿ ನಾಡಿನ ಮಕ್ಕಳೆಲ್ಲ ದಡ್ಡರಾದರೆಂದು ಯಾರೂ ಹೇಳಲಾರರು. ಹಾಗಾದರೆ ಹಿಂದಿನ ಅಂಕಿಗಳು ಅಳೆದದ್ದಾದರೂ ಏನನ್ನು? ಕಳವನ್ನು ತಡೆಯತಕ್ಕದ್ದೇ, ಕ್ಯಾಮರಾದ ವಿರುದ್ಧ ನನ್ನದೇನೂ ತಕರಾರಿಲ್ಲ. ಆದರೆ ಕಳ್ಳತನವೊಂದನ್ನೇ ದೂಷಿಸಿ, ಕಳ್ಳತನಕ್ಕೆ ದೂಡಿದ ಅಂಕಿಯ ಪೂಜೆಯನ್ನು ಹಾಗೆಯೇ ನಡೆಯಿಸಿಕೊಂಡು ಹೋಗುವುದು ಯಾವ ನ್ಯಾಯ?

ಹೊಸತನ್ನು ಕಲ್ಪಿಸುವ ಶಕ್ತಿಯ ವಿಷಯದಲ್ಲಂತೂ ಆಮಿಷದ ಮತವು ಪೂರ್ತಿಯಾಗಿ ಸೋಲುತ್ತದೆ. ಇಲ್ಲಿ ಎದುರಾಳಿಯು ನಮ್ಮ ಅಲಂಕಾರಶಾಸ್ತ್ರವನ್ನೇ ನನ್ನ ಮೇಲೆ ಎತ್ತಿ ಹಾಕಬಹುದು: ಕಾವ್ಯಪ್ರಕಾಶದ ಮಮ್ಮಟನು ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಮೊದಲಿಗೆ ಕೀರ್ತಿಯನ್ನೂ ಅದರ ಬೆನ್ನಿಗೆ ಹಣವನ್ನೂ ಹೇಳಿಲ್ಲವೇ? ಹೇಳಿದ್ದಾನೆ, ನಿಜ. ಆದರೆ ಅವಸರಪಡದೆ ಮುಂದೆ ಓದಿರಿ. ಪ್ರಯೋಜನವನ್ನು ಹೇಳಿದ ಮೇಲೆ ಮಮ್ಮಟನು ಕಾವ್ಯದ ಹೇತುವನ್ನು, ಅಂದರೆ ಕಾರಣವನ್ನು, ಬೇರೆಯಾಗಿ ಹೇಳುತ್ತಾನೆ. ಶಕ್ತಿ, ಲೋಕಶಾಸ್ತ್ರಕಾವ್ಯಗಳ ಪರಿಶೀಲನದಿಂದ ಬರುವ ನೈಪುಣ್ಯ, ಬಲ್ಲವರ ಶಿಕ್ಷಣದಲ್ಲಿ ಮಾಡಿದ ಅಭ್ಯಾಸ. ಈ ಮೂರೂ ಕೂಡಿ ಕಾವ್ಯಕ್ಕೆ ಹೇತು. ಆ ಪಟ್ಟಿಯಲ್ಲಿ ಹಣಕ್ಕೂ ಕೀರ್ತಿಗೂ ಜಾಗವಿಲ್ಲ. ಗಿಡದಿಂದ ಹಣ್ಣು ಬರುತ್ತದೆಂಬುದು ಬೇರೆ. ಹಣ್ಣನ್ನು ಬೇರಿಗೆ ಕಟ್ಟಿದರೆ ಗಿಡ ಬೆಳೆಯುತ್ತದೆಂಬುದು ಬೇರೆ. ಫಲವನ್ನು ಕಾರಣವೆಂದು ತಿಳಿಯುವುದು ತರ್ಕದ ಮೊದಲ ಪಾಠವನ್ನೂ ಓದದವರ ಭ್ರಮೆ.

ಆಚಾರ್ಯನು ಮಾಡಿದ ಈ ವಿಂಗಡಣೆಯು ಎಷ್ಟು ಸೂಕ್ಷ್ಮವಾದುದೆಂಬುದು ನಮ್ಮ ಕಾಲದ ಪ್ರಯೋಗಗಳಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ. ತೆರೇಸಾ ಅಮಾಬಿಲೆ ಎಂಬ ವಿದುಷಿಯು 1985ರಲ್ಲಿ ಬರಹಗಾರರಾದ 72 ತರುಣರಿಂದ ಪುಟ್ಟ ಪದ್ಯಗಳನ್ನು ಬರೆಯಿಸಿದಳು. ಎರಡನೆಯ ಪದ್ಯಕ್ಕೆ ಮುಂಚೆ ಕೆಲವರಿಗೆ ಬರವಣಿಗೆಯಿಂದ ಬರುವ ಹಣ, ಹೆಸರು ಮೊದಲಾದ ಹೊರಗಿನ ಕಾರಣಗಳ ಪಟ್ಟಿಯನ್ನೂ, ಕೆಲವರಿಗೆ ಬರೆಯುವುದರಲ್ಲಿಯೇ ಇರುವ ಸಂತೋಷದ ಕಾರಣಗಳ ಪಟ್ಟಿಯನ್ನೂ ಕೊಟ್ಟು ಯೋಚಿಸಹೇಳಿದಳು. ಯಾರಿಗೂ ಹಣ ಕೊಡಲಿಲ್ಲ, ಬರಿಯ ಯೋಚನೆಯಷ್ಟೇ. ಕವಿಗಳಾದ ಪರೀಕ್ಷಕರು ಆ ಪದ್ಯಗಳನ್ನು ಓದಿ, ಹಣ-ಹೆಸರುಗಳನ್ನು ನೆನೆದು ಬರೆದವರ ಪದ್ಯಗಳಲ್ಲಿ ಹೊಸತನವು ಕಡಮೆಯೆಂದು ತೀರ್ಮಾನಿಸಿದರು. ಕ್ಷಣಮಾತ್ರದ ನೆನಹಿಗೇ ಇಷ್ಟು ಶಕ್ತಿಯಿರುವಾಗ, ಹನ್ನೆರಡು ವರ್ಷ ಹಗಲಿರುಳು ‘ಅಂಕ, ಅಂಕ’ ಎಂದು ಜಪಿಸಿದ ಮಗುವಿನ ಪ್ರತಿಭೆಯ ಗತಿಯೇನಾದೀತು?

ಇಲ್ಲಿ ಬೇಲೂರಿನ ಶಿಲ್ಪಿಗಳ ಹೆಸರೆತ್ತಿ ಕೆಲವರು ವಾದಿಸುವುದುಂಟು: 1117ರ ಆ ದೇವಾಲಯದಲ್ಲಿ ಬಳ್ಳಿಗಾವಿಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕೊರೆದುಕೊಂಡಿಲ್ಲವೇ? ಕೀರ್ತಿಗಾಗಿಯೇ ಅಲ್ಲವೇ? ನಾನು ಹೇಳುವೆನು, ಕೆಲಸವು ಮುಗಿದ ಮೇಲೆ ‘ಇದು ನನ್ನ ಕೈಯದು’ ಎಂದು ಹೆಸರು ಕೊರೆಯುವ ಹೆಮ್ಮೆಯೇ ಬೇರೆ, ‘ಇಂತಿಷ್ಟು ಕೊಟ್ಟರೆ ಇಂತಿಷ್ಟು ಕೊರೆಯುವೆ’ ಎಂಬ ಲೆಕ್ಕವೇ ಬೇರೆ. ಹೆಮ್ಮೆಯು ಕೆಲಸದೊಳಗಿನಿಂದ ಹುಟ್ಟುವುದು. ಮಕ್ಕಳಿಗೂ ಆಳುಗಳಿಗೂ ಅಂಥ ಹೆಮ್ಮೆಗೆ ಆಸ್ಪದವನ್ನು ಕೊಡಿರೆಂದೇ ನಾನು ಬೇಡುತ್ತಿರುವುದು.

ಮೂರನೆಯದು ಬೆತ್ತದ ಮಹಿಮೆ. ಹಿಂದಿನವರು ಹೊಡೆತ ತಿಂದೇ ದೊಡ್ಡವರಾದರೆಂದು ಸಭೆಗಳಲ್ಲಿ ಭಾಷಣ ಮಾಡುವವರನ್ನು ನಾನು ಬಹಳ ಕೇಳಿದ್ದೇನೆ. ಹೊಡೆತ ತಿಂದು ದೊಡ್ಡವರಾದವರು ಭಾಷಣ ಮಾಡುತ್ತಾರೆ, ಸರಿ. ಹೊಡೆತ ತಿಂದು ಶಾಲೆಯನ್ನೇ ಬಿಟ್ಟು ಹೋದವರನ್ನು ಭಾಷಣಕ್ಕೆ ಕರೆದವರಾರು? ಮಳೆಗಾಲದ ಹೊಳೆಯನ್ನು ಈಸಿ ದಡ ಸೇರಿದವರ ಸಾಕ್ಷಿಯನ್ನಷ್ಟೇ ಕೇಳಿ, ಮಲಪ್ರಭೆಗೆ ಸೇತುವೆ ಬೇಡವೆನ್ನುವ ತರ್ಕವಿದು. 2009ರ ಶಿಕ್ಷಣ ಹಕ್ಕಿನ ಕಾಯ್ದೆಯ 17ನೆಯ ಕಲಮು ಮಕ್ಕಳಿಗೆ ದೇಹದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತವು ಕೈಯಿಂದ ಹೋಯಿತು; ಆದರೆ ನಾಲಗೆಯಲ್ಲಿ ಬಂದು ಕುಳಿತಿತು. ‘ನಿನ್ನ ಹಣೆಬರಹದಲ್ಲಿ ವಿದ್ಯೆ ಬರೆದಿಲ್ಲ’ ಎಂದು ಹತ್ತು ಜನರ ಮುಂದೆ ಹೇಳಿಸಿಕೊಂಡ ಹುಡುಗನಿಗೆ ಬಾಸುಂಡೆ ಏಳುವುದಿಲ್ಲವೆಂಬುದಷ್ಟೇ ವ್ಯತ್ಯಾಸ.

ಪಂಚತಂತ್ರದ ಕಥಾಮುಖವನ್ನು ಇಂದಿನ ಪಾಲಕರು ಮತ್ತೊಮ್ಮೆ ಓದಬೇಕು. ರಾಜನ ಮೂವರು ಮಕ್ಕಳು ಮಂದಬುದ್ಧಿಗಳು. ವಿಷ್ಣುಶರ್ಮನಿಗೆ ರಾಜನು ನೂರು ಶಾಸನಗಳ ಭೂಮಿಯ ಆಸೆ ತೋರಿಸುತ್ತಾನೆ. ಆ ವೃದ್ಧ ಬ್ರಾಹ್ಮಣನು, ತಾನು ವಿದ್ಯೆಯನ್ನು ಮಾರುವವನಲ್ಲವೆಂದು ಅದನ್ನು ನಿರಾಕರಿಸಿ, ಆರು ತಿಂಗಳಲ್ಲಿ ಅವರನ್ನು ನೀತಿಜ್ಞರನ್ನಾಗಿ ಮಾಡುವೆನೆಂದು ಪ್ರತಿಜ್ಞೆ ಮಾಡುತ್ತಾನೆ. ಗುರುವು ಆಮಿಷಕ್ಕೆ ಸಿಲುಕಲಿಲ್ಲ. ಶಿಷ್ಯರಿಗೂ ಆಮಿಷ ತೋರಲಿಲ್ಲ, ಅವರನ್ನು ಗದರಿಸಲೂ ಇಲ್ಲ. ಏನು ಮಾಡಿದನು? ಕಥೆ ಹೇಳಿದನು. ಪ್ರಭುವಿನಂತೆ ಆಜ್ಞಾಪಿಸುವ, ಮಿತ್ರನಂತೆ ತಿಳಿಹೇಳುವ, ಪ್ರಿಯೆಯಂತೆ ಮನವೊಲಿಸುವ ಮೂರು ಬಗೆಯ ಉಪದೇಶಗಳಲ್ಲಿ ನಮ್ಮವರು ಮೂರನೆಯದಕ್ಕೆ ಯಾಕೆ ಮೇಲುಗೈ ಕೊಟ್ಟರೆಂಬುದು ಇದರಿಂದ ತಿಳಿಯುವುದು.

ದಂಡದ ವಿಷಯದಲ್ಲಿ ಇನ್ನೊಂದು ಪ್ರಯೋಗವನ್ನು ಹೇಳಿ ಮುಂದುವರಿಯುತ್ತೇನೆ. ಇಸ್ರಾಯೇಲಿನ ಹೈಫಾ ಪಟ್ಟಣದ ಶಿಶುಪಾಲನಾ ಕೇಂದ್ರಗಳಲ್ಲಿ ಕೆಲವು ಪಾಲಕರು ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುತ್ತಿದ್ದರು. ಗ್ನೀಜಿ ಮತ್ತು ರುಸ್ತಿಕೀನಿ ಎಂಬ ಅರ್ಥಶಾಸ್ತ್ರಜ್ಞರು ಅಂಥ ಹತ್ತು ಕೇಂದ್ರಗಳನ್ನು ಆರಿಸಿ, ಆರರಲ್ಲಿ ತಡವಾದವರಿಗೆ ಸಣ್ಣ ದಂಡವನ್ನು ವಿಧಿಸಲು ಏರ್ಪಡಿಸಿದರು. ಅವರ ಲೇಖನವು 2000ರಲ್ಲಿ ಪ್ರಕಟವಾಯಿತು. ದಂಡ ಬಂದ ಮೇಲೆ ತಡವಾಗಿ ಬರುವವರು ಕಡಮೆಯಾಗಲಿಲ್ಲ, ಸುಮಾರು ಇಮ್ಮಡಿಯಾದರು! ದಂಡವನ್ನು ತೆಗೆದ ಮೇಲೂ ಆ ಸಂಖ್ಯೆಯು ಇಳಿಯಲಿಲ್ಲ. ಕಾರಣವು ಸ್ಪಷ್ಟವಿದೆ. ಮೊದಲು ‘ಪಾಪ, ಆ ಬಾಯಿಯವರು ನನ್ನ ಸಲುವಾಗಿ ಕಾಯುತ್ತಿದ್ದಾರೆ’ ಎಂಬ ಸಂಕೋಚವಿತ್ತು. ದಂಡವು ಬಂದ ದಿವಸ ಆ ಸಂಕೋಚಕ್ಕೆ ಬೆಲೆ ಗೊತ್ತಾಯಿತು. ಬೆಲೆ ತೆತ್ತವನಿಗೆ ಸಂಕೋಚವೆಲ್ಲಿಯದು? ದಾಕ್ಷಿಣ್ಯವನ್ನು ಒಮ್ಮೆ ಮಾರಿಕೊಂಡರೆ ಮರಳಿ ಕೊಳ್ಳಲು ಬರುವುದಿಲ್ಲ.

ಹಾಗಾದರೆ ಮನುಷ್ಯನು ಯಾವುದರಿಂದ ಮನಸ್ಸಿಟ್ಟು ದುಡಿಯುತ್ತಾನೆ? ಡೆಸಿ ಮತ್ತು ರಯಾನ್ ಎಂಬವರು ಬಹುಕಾಲದ ಸಂಶೋಧನದಿಂದ ಮೂರು ಹಸಿವುಗಳನ್ನು ಗುರುತಿಸಿದ್ದಾರೆ. ತಾನು ಮಾಡುವುದು ತನ್ನ ಇಚ್ಛೆಯಿಂದ ಎಂಬ ಸ್ವಾತಂತ್ರ್ಯ. ಇದನ್ನು ನಾನು ಬಲ್ಲೆನು, ಇನ್ನೂ ಚೆನ್ನಾಗಿ ಬಲ್ಲವನಾಗುವೆನು ಎಂಬ ಸಾಮರ್ಥ್ಯ. ನನ್ನವರೆಂಬವರ ನಡುವೆ ನಾನಿದ್ದೇನೆಂಬ ಸಂಬಂಧ. ಇದು ನಮಗೆ ಹೊಸ ಮಾತೇ? ನಮ್ಮ ಬೆಳಗಾವಿಯಲ್ಲಿಯೇ ಇದರ ನಿದರ್ಶನವಿದೆ. 1916ರ ನವೆಂಬರ 13ರಂದು ಬಸವನಾಳ, ಸಾಖರೆ ಮೊದಲಾದ ಏಳು ಜನ ಸುಶಿಕ್ಷಿತರು ಕೂಡಿ ಒಂದು ಶಾಲೆಯನ್ನು ತೆರೆದರು, ಅದುವೇ ಕೆ.ಎಲ್.ಇ. ಸಂಸ್ಥೆಯ ಬೀಜ. ನಾಡು ಅವರನ್ನು ಸಪ್ತರ್ಷಿಗಳೆಂದು ಕರೆಯಿತು. ಆ ಕಾಲದಲ್ಲಿ ಪದವೀಧರನಿಗೆ ಸರಕಾರದ ಚಾಕರಿಯು ದುರ್ಲಭವಾಗಿರಲಿಲ್ಲ. ಅವರನ್ನು ಅಲ್ಪವೇತನದ ಶಾಲೆಯಲ್ಲಿ ನಿಲ್ಲಿಸಿದ್ದು ಯಾವ ಅಂಜಿಕೆ, ಯಾವ ಆಮಿಷ? ದಾರಿಯನ್ನು ತಾವೇ ಆರಿಸಿಕೊಂಡರು, ಕಲಿಸಬಲ್ಲೆವೆಂಬ ವಿಶ್ವಾಸವಿತ್ತು, ಏಳು ಜನ ಒಬ್ಬರಿಗೊಬ್ಬರಿದ್ದರು. ಅದಕ್ಕೂ ಹತ್ತು ವರ್ಷ ಮುಂಚೆ, 1906ರಲ್ಲಿ, ನಮ್ಮ ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮೀಸಲಿಟ್ಟು ದೇಹವಿಟ್ಟಿದ್ದರು. ಅವರ ಹಣದಿಂದ ಓದಿದವರು ಬಹುಮಾನಕ್ಕಾಗಿ ಓದಿದವರಲ್ಲ. ಹಸಿವಿನ ಚಿಂತೆಯು ತಪ್ಪಿದ್ದರಿಂದ ನಿಶ್ಚಿಂತರಾಗಿ ಓದಿದವರು. ಆಸರೆಗೂ ಆಮಿಷಕ್ಕೂ ಇರುವ ಅಂತರವನ್ನು ವಾಚಕರು ಇಲ್ಲಿ ಲಕ್ಷಿಸಬೇಕು.

ಇಲ್ಲಿ ಬಲವಾದ ಆಕ್ಷೇಪವೊಂದು ಉಂಟು. ಅದನ್ನು ನಾನು ಮರೆಮಾಚುವುದಿಲ್ಲ. ‘ಸಂತೋಷವೇ ಕೂಲಿಯೆನ್ನುವಿರಾದರೆ ದುಡಿಯುವವನ ಹೊಟ್ಟೆಗೆ ಏನು? ನಿಮ್ಮ ಮಾತನ್ನು ಕೇಳಿ ಧಣಿಗಳು ಪಗಾರವನ್ನೇ ಇಳಿಸಿದರೆ?’ ಈ ಭಯವು ನಿರಾಧಾರವಲ್ಲ. ಕಾಯಕವೆಂಬ ಪವಿತ್ರ ಶಬ್ದವನ್ನು ಬಾಯಲ್ಲಿಟ್ಟುಕೊಂಡು ಕೂಲಿಯನ್ನು ಕಚ್ಚುವವರು ನಮ್ಮಲ್ಲಿ ಇಲ್ಲದಿಲ್ಲ. ವರ್ಷಗಟ್ಟಲೆ ಗೌರವಧನದ ಮೇಲೆ ದುಡಿಯುವ ಅತಿಥಿ ಶಿಕ್ಷಕರಿಗೆ ‘ಇದು ಸೇವೆಯಪ್ಪಾ’ ಎಂದು ಉಪದೇಶಿಸುವವರಿಗೆ ನನ್ನ ಲೇಖನದಿಂದ ಒಂದು ಕಾಸಿನ ಬೆಂಬಲವೂ ಸಿಗಬಾರದು. ಶರಣರ ಕಥೆಯನ್ನೇ ನೋಡಿರಿ. ಆಯ್ದಕ್ಕಿ ಮಾರಯ್ಯನು ಒಂದು ದಿವಸ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಂಡತಿ ಲಕ್ಕಮ್ಮನು ಆ ಹೆಚ್ಚಳವು ನಮಗೆ ಬೇಡವೆಂದು ಹಿಂದಕ್ಕೆ ಕಳುಹಿಸಿದಳು. ಹೆಚ್ಚಿಗೆಯನ್ನು ಬೇಡವೆಂದಳೇ ಹೊರತು ಅಂದಂದಿಗೆ ಸಾಲುವಷ್ಟನ್ನು ಬೇಡವೆನ್ನಲಿಲ್ಲ. ಆ ನಿರಾಕರಣೆಯೂ ದುಡಿಯುವವಳ ಬಾಯಿಂದ ಬಂದ ಮಾತು. ಕೊಡುವವರು ಹೇಳತಕ್ಕ ಮಾತಲ್ಲ.

ಹತ್ತಿರದ ಇನ್ನೊಂದು ಉದಾಹರಣೆ. ಧಾರವಾಡ ತಾಲೂಕಿನ ಗರಗ, ಹುಬ್ಬಳ್ಳಿಯ ಬೆಂಗೇರಿ, ಈ ಎರಡು ಹೆಸರುಗಳು ರಾಷ್ಟ್ರಧ್ವಜದ ಖಾದಿಗೆ ಪ್ರಸಿದ್ಧವಾದವು. ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು 1957ರಲ್ಲಿ ಸ್ಥಾಪಿತವಾದದ್ದು. ಅಲ್ಲಿ ಧ್ವಜದ ಕೆಲಸ ಮಾಡುವವರಲ್ಲಿ ಬಹುಮಂದಿ ಹೆಂಗಸರು. ನೂಲಿನ ಎಣಿಕೆ, ಬಣ್ಣದ ಛಾಯೆ, ಚಕ್ರದ ಅಳತೆ, ಎಲ್ಲದಕ್ಕೂ ಕಟ್ಟುನಿಟ್ಟಾದ ಮಾನಕವುಂಟು. ಒಂದು ಕೂದಲೆಳೆಯ ತಪ್ಪೂ ಸಲ್ಲದು. ನಾಡೇ ತಲೆಯೆತ್ತಿ ನೋಡುವ ವಸ್ತುವನ್ನು ತನ್ನ ಕೈ ಹೊಲಿಯಿತೆಂಬ ಹೆಮ್ಮೆಗಿಂತ ದೊಡ್ಡ ಪ್ರೇರಣೆಯುಂಟೇ? ಆದರೂ 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಬಟ್ಟೆಯ ಧ್ವಜಕ್ಕೂ ಅನುಮತಿಯನ್ನಿತ್ತಾಗ ಅವರು ಪ್ರತಿಭಟನೆಗೆ ಇಳಿಯಬೇಕಾಯಿತು. ಹೆಮ್ಮೆಯು ಒಲೆಯ ಮೇಲೆ ಬೇಯುವುದಿಲ್ಲ. ಆದ್ದರಿಂದ ನನ್ನ ಸಿದ್ಧಾಂತವು ಇದು: ಹೊಟ್ಟೆಯ ಚಿಂತೆ ತಪ್ಪುವಷ್ಟು ನ್ಯಾಯವಾದ ಕೂಲಿಯನ್ನು ಮೊದಲು ಕೊಡಿರಿ, ಕೊಟ್ಟ ಮೇಲೆ ಆ ಕೂಲಿಯನ್ನು ಬಾರಕೋಲಿನಂತೆ ಬೀಸಬೇಡಿರಿ. ಕೂಲಿಯು ದುಡಿಯುವವನ ಹಕ್ಕು, ಕೊಡುವವನ ಕೃಪೆಯಲ್ಲ.

ಇನ್ನು ಪರರೊಡನೆ ನಾವು ನಡೆದುಕೊಳ್ಳುವ ರೀತಿ. ಒಳ್ಳೆಯ ಮಾತು ಒಳ್ಳೆಯ ಗುಣವೇನೋ ಸರಿ, ಕೆಲಸಕ್ಕೆ ಅದರಿಂದೇನು ಎನ್ನುವವರಿದ್ದಾರೆ. ಎಮಿ ಎಡ್ಮಂಡ್‌ಸನ್ ಎಂಬ ವಿದುಷಿಯು ಒಂದು ಕಾರಖಾನೆಯ 51 ತಂಡಗಳನ್ನು ಪರಿಶೀಲಿಸಿ 1999ರಲ್ಲಿ ತನ್ನ ನಿರ್ಣಯವನ್ನು ಪ್ರಕಟಿಸಿದಳು. ತಪ್ಪನ್ನು ಒಪ್ಪಿಕೊಂಡರೆ, ತಿಳಿಯದ್ದನ್ನು ಕೇಳಿದರೆ ಯಾರೂ ಹೀಯಾಳಿಸರೆಂಬ ಧೈರ್ಯವಿದ್ದ ತಂಡಗಳೇ ಹೆಚ್ಚು ಕಲಿತವು. ಅವುಗಳ ಕೆಲಸವೇ ಚೆನ್ನಾಗಿತ್ತು. ಅಂಜಿಕೆಯಿರುವಲ್ಲಿ ತಪ್ಪುಗಳು ಕಡಮೆಯಾಗುವುದಿಲ್ಲ, ಬಚ್ಚಿಡಲ್ಪಡುತ್ತವೆ. ಬಚ್ಚಿಟ್ಟ ತಪ್ಪು ಹಗೇವಿನಲ್ಲಿ ಹೊಕ್ಕ ನೀರಿನಂತೆ. ಮುಚ್ಚಳ ತೆಗೆದ ದಿವಸವೇ ಜೋಳವೆಲ್ಲ ಕೊಳೆತದ್ದು ಗೊತ್ತಾಗುವುದು.

ಹೊಗಳುವುದರಲ್ಲಿಯೂ ವಿವೇಕ ಬೇಕು. ಮುಲ್ಲರ್ ಮತ್ತು ಡ್ವೆಕ್ ಎಂಬವರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಮಸ್ಯೆಗಳನ್ನು ಬಿಡಿಸಿದ ಕೆಲವು ಮಕ್ಕಳನ್ನು ‘ನೀನು ಬುದ್ಧಿವಂತ’ ಎಂದೂ, ಕೆಲವರನ್ನು ‘ನೀನು ಚೆನ್ನಾಗಿ ಶ್ರಮಪಟ್ಟೆ’ ಎಂದೂ ಹೊಗಳಿದರು. ಬುದ್ಧಿವಂತನೆನಿಸಿಕೊಂಡವರಲ್ಲಿ ಹೆಚ್ಚಿನವರು ಮುಂದೆ ಸುಲಭದ ಸಮಸ್ಯೆಯನ್ನೇ ಆರಿಸಿಕೊಂಡರು. ಕಠಿಣವಾದದ್ದು ಎದುರಾದೊಡನೆ ಎದೆಗುಂದಿದರು. ತಮಗೆ ಬಂದ ಅಂಕಗಳನ್ನು ಇದ್ದದ್ದಕ್ಕಿಂತ ಹೆಚ್ಚು ಮಾಡಿ ಹೇಳಿದವರೂ ಅವರಲ್ಲಿಯೇ ಅಧಿಕ. ಶ್ರಮವನ್ನು ಹೊಗಳಿಸಿಕೊಂಡವರು ಕಠಿಣವಾದದ್ದನ್ನು ಬಯಸಿದರು. ಫಲಿತಾಂಶದ ಮರುದಿವಸ ನಮ್ಮ ಪೇಟೆಯ ಕೂಡುರಸ್ತೆಗಳಲ್ಲಿ ಮಕ್ಕಳ ಭಾವಚಿತ್ರ, ಅಂಕಗಳೊಡನೆ ಕಟ್ಟುವ ಬ್ಯಾನರುಗಳನ್ನು ಈ ಬೆಳಕಿನಲ್ಲಿ ನೋಡಿರಿ. ಅದರಲ್ಲಿರುವ ಹುಡುಗನಿಗೆ ಮುಂದೆ ಬೀಳುವ ಅಧಿಕಾರವಿಲ್ಲದಾಯಿತು. ಅದರಲ್ಲಿಲ್ಲದ ಹುಡುಗನಿಗೆ ಏಳುವ ಉತ್ಸಾಹವಿಲ್ಲದಾಯಿತು.

ವಾಚಕ ಮಹಾಶಯರೇ, ತಾಯಂದಿರೇ, ಸರಕಾರವು ಏನು ಮಾಡಬೇಕೆಂದು ಪಟ್ಟಿ ಹಾಕುವುದು ಸುಲಭ. ನಮ್ಮ ಹೊಸ್ತಿಲೊಳಗೆ ಮಾಡತಕ್ಕದ್ದನ್ನಷ್ಟೇ ಹೇಳುತ್ತೇನೆ. ಶಾಲೆಯಿಂದ ಬಂದ ಮಗುವಿಗೆ ‘ಎಷ್ಟು ಬಂತು?’ ಎಂಬುದಕ್ಕೆ ಮೊದಲು ‘ಇಂದು ಯಾವುದು ಚೆನ್ನಾಗಿ ತಿಳಿಯಿತು, ಯಾವುದು ತಿಳಿಯಲಿಲ್ಲ?’ ಎಂದು ಕೇಳಿರಿ. ನೆರೆಮನೆಯ ಮಗುವಿನ ಹೆಸರನ್ನು ನಿಮ್ಮ ಮಗುವಿಗೆ ಬಾರಕೋಲಾಗಿ ಬಳಸಬೇಡಿರಿ. ಅವನು ಮಾಡುವ ಕೆಲಸಗಳಲ್ಲಿ ಒಂದನ್ನಾದರೂ ಅವನೇ ಆರಿಸಿಕೊಳ್ಳಲಿ. ಅದಕ್ಕೆ ಅಂಕವೂ ಬೇಡ, ಬಹುಮಾನವೂ ಬೇಡ. ಹೊಲಕ್ಕೆ ಬರುವ ಆಳನ್ನೂ ಮನೆಗೆಲಸದವಳನ್ನೂ ಅವರ ಹೆಸರು ಹಿಡಿದು, ವಯಸ್ಸಿಗೆ ತಕ್ಕಂತೆ ಅಣ್ಣ, ಅಕ್ಕ ಎಂದು ಕರೆಯಿರಿ; ಹೊತ್ತಿಗೆ ಸರಿಯಾಗಿ ಕೂಲಿ ಕೊಡಿರಿ; ಕೆಲಸವನ್ನು ಹೇಗೆ ಮಾಡಿದರೆ ಚೆನ್ನೆಂದು ಅವರನ್ನೇ ಕೇಳಿರಿ, ಬೆಳೆಯನ್ನು ಬಗ್ಗಿ ನೋಡಿದವರು ಅವರು. ಕಚೇರಿಯಲ್ಲಿ ಅಧಿಕಾರವುಳ್ಳವರು ಕೈಕೆಳಗಿನವನ ತಪ್ಪನ್ನು ಏಕಾಂತದಲ್ಲಿ ತಿದ್ದಿರಿ, ಅವನ ಗುಣವನ್ನು ನಾಲ್ಕು ಜನರೆದುರಿಗೆ ಹೇಳಿರಿ.

ಕಾರ ಹುಣ್ಣಿಮೆಯ ದಿವಸ ನಮ್ಮ ಒಕ್ಕಲಿಗನು ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಆರತಿ ಎತ್ತಿ, ಅವುಗಳಿಗೆ ಹೋಳಿಗೆ ತಿನ್ನಿಸುತ್ತಾನೆ. ಬಾರಕೋಲೊಂದರಿಂದಲೇ ಗಳೆ ಸಾಗದೆಂಬ ತಿಳಿವಳಿಕೆ ಅವನಿಗುಂಟು. ಮಾತಿಲ್ಲದ ಪ್ರಾಣಿಯ ದುಡಿಮೆಗೂ ಅವನು ಋಣಿಯಾಗಿರಬಲ್ಲನು. ಮಾತಾಡಬಲ್ಲ, ಕನಸು ಕಾಣಬಲ್ಲ, ನಾಳೆ ನಮ್ಮ ನಾಡನ್ನು ನಡೆಯಿಸಬೇಕಾದ ಮಕ್ಕಳ ವಿಷಯದಲ್ಲಿ ಓದುಬರಹ ಬಲ್ಲ ನಾವು ಅಷ್ಟನ್ನೂ ಮಾಡಲಾರೆವಾದರೆ, ನಮ್ಮ ವಿದ್ಯೆಗೆ ಏನು ಹೆಸರಿಡಬೇಕೆಂಬುದನ್ನು ವಾಚಕರೇ ಹೇಳಲಿ.